ಸೋದರಮಾವನ ಜಡ್ತಿ

ಅವತ್ತಿನ ಅಷ್ಟೂ ರಾದ್ಧಾಂತಕ್ಕೆ ಕಾರಣ ಹುರುಳಿಕಾಳಿನಷ್ಟೂ ದಪ್ಪವಿಲ್ಲದ ಒಂದು ಜೊತೆ ಓಲೆ.

ಬೇತಮಂಗಲದ ಕೆರೆ ಕೆಳಗಿನ ಹಳ್ಳಿಯ ಮುನೇಶ್ ಅವತ್ತು ಸಾಯಂಕಾಲದ ವಿಮಾನಕ್ಕೆ ಮಸ್ಕತ್ತಿಗೆ ಹೊರಡಬೇಕಿತ್ತು. ತಂಗಿ ಅರ್ಚನ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಮಗಳಿಗೆ ಮಾರನೇ ದಿನ ಕಿವಿ ಚುಚ್ಚುವ ಶಾಸ್ತ್ರ. ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಕಿವಿಗೆ ಇಡುವ ಓಲೆಯನ್ನೂ ಸೋದರಮಾವನೇ ತರಬೇಕು. ಆ ಮನೆಯಲ್ಲಿ ಮೊದಲಿಂದ ನಡೆದುಕೊಂಡು ಬಂದದ್ದು ಹಾಗೆ. ಅರ್ಚನಳಿಗೆ ಇರುವವನು ಇವನೊಬ್ಬನೇ ಅಣ್ಣ. ಮದುವೆ ಮನೆಗಳಲ್ಲಿ ಚಪ್ಪಲಿ ಕಾಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಕರೆಯದ ಮುನೇಶ್‌ಗೆ, ಜೀವನದಲ್ಲಿ ಮೊದಲನೇ ಸಲ, ಅವನಿಲ್ಲದೆ ನಡೆಯದ ಕೆಲಸವೊಂದು ಹುಟ್ಟಿತ್ತು. ಆ ಸಂತೋಷದಲ್ಲಿ ಅವನು ವಾರದಿಂದ ನೆಟ್ಟಗೆ ಊಟ ಮಾಡಿರಲಿಲ್ಲ.

ಓಲೆಯನ್ನು ಬಂಗಾರಪೇಟೆಯ ಆಚಾರಿಯ ಹತ್ತಿರ ಮಾಡಿಸಿದ್ದಾಗಿತ್ತು. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ ಬಂದು, ಮೈ ತೊಳೆದು, ಹೊಸ ಅಂಗಿ ತೊಟ್ಟು, ಓಲೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಜಗಲಿಯ ಮೇಲೆ ಪಕ್ಕದ ಮನೆಯ ಕೋದಂಡಪ್ಪ ಬಂದು ಕೂತಿದ್ದ.

ವಿಮಾನ ನಿಲ್ದಾಣದ ವಿಷಯದಲ್ಲಿ ಆ ಹಳ್ಳಿಗೆ ಕೋದಂಡಪ್ಪನೇ ದೊಡ್ಡವನು. ಒಂದು ಸಲ ಯಾರನ್ನೋ ಬಿಟ್ಟುಬರಲು ಹೋಗಿ, ಗಾಜಿನ ಗೋಡೆಯ ಹೊರಗೆ ನಿಂತು ಅರ್ಧ ದಿನ ಒಳಗೆ ಇಣುಕಿ ನೋಡಿ ಬಂದಿದ್ದ. ಒಳಗೆ ಹೋದವರಿಗೆ ಗಾಬರಿಯಲ್ಲಿ ಏನೂ ಕಾಣುವುದಿಲ್ಲ, ಹೊರಗೆ ನಿಂತವನಿಗೇ ಎಲ್ಲ ಕಾಣುವುದು ಎಂಬುದು ಅವನ ವಾದ.

"ಏನ್ಲಾ ಮುನೇಶ, ಜೋಬಲ್ಲಿ ಏನೋ ಇಟ್ಕಂಡಂಗೈತೆ?"

"ವಾಲೆ ಮಾವ. ಮಗೀಗೆ."

"ಚಿನ್ನದ್ದಾ?"

"ಊಂ."

ಕೋದಂಡಪ್ಪ ಬೀದಿಯ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. ಹತ್ತಿರದ ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಆ ಸೀಮೆಯಲ್ಲಿ ಚಿನ್ನ ಮತ್ತು ಗೇಟು ಎಂಬ ಎರಡು ಮಾತು ಒಟ್ಟಿಗೆ ಬಂದರೆ ಜನರ ದನಿ ತಾನಾಗಿ ಇಳಿಯುತ್ತದೆ. "ಚಿನ್ನ ಜೋಬಲ್ಲಿಟ್ಕಂಡು ಗೇಟು ದಾಟ್ತೀಯೇನ್ಲಾ? ಅಲ್ಲಿ ಪೊಲೀಸ್ನೋರು ಬಾಗಲಲ್ಲೇ ನಿಂತಿರ್ತಾರೆ. ಅದೂ ನೀನು ಫಾರಿನ್ನೋನು ಬೇರೆ."

"ನಾನ್ಯಾಕೆ ಫಾರಿನ್ನೋನು ಮಾವ? ಫಾರಿನ್ನು ಅದಲ್ವಾ?"

"ನಮಗೆ ಅದು ಫಾರಿನ್ನು. ಅಲ್ಲಿ ಇಳಿದ ಮ್ಯಾಕೆ ನೀನೇ ಫಾರಿನ್ನು. ಅವರೂರಿನ ದನಗಳು ನಿನ್ನ ನೋಡಿ ಬೆದರ್ತವೆ, ನೋಡ್ತಿರು."

ಒಳಗಿಂದ ಬಂದ ತಾಯಿ ಅಶ್ವತ್ಥಮ್ಮ, "ಇವನ್ನ ನೋಡಿ ನಮ್ಮನೆ ದನಾನೇ ಬೆದರ್ತವೆ ಬಿಡು," ಎಂದಳು. ಆದರೆ ಅವಳ ಮುಖವೂ ಸಣ್ಣಗಾಗಿತ್ತು. "ಓಲೆ ಕಿತ್ಕಂಡ್ರೆ ಏನಪ್ಪಾ ಗತಿ? ಬರಿಗೈಲಿ ಓದ ಸೋದರಮಾವ ಅಂತ ಬೀಗರು ಆಡ್ಕಳಲ್ವಾ?"

"ಅದಕ್ಕೆ ತಿಳಿದೋರ ಕೈಲಿ ಕಲೀಬೇಕು ಅಕ್ಕಯ್ಯ," ಎಂದು ಕೋದಂಡಪ್ಪ ತನ್ನ ಮೊಪೆಡ್ಡು ಹತ್ತಿ, ಗಣಿ ಕೆಲಸದವರ ಕಾಲೋನಿ ಚಾಂಪಿಯನ್ ರೀಫ್ಸ್‌ಗೆ ಹೋಗಿ, ಕುಪ್ಪುಸ್ವಾಮಿ ತಾತನನ್ನು ಹಿಂದೆ ಕೂರಿಸಿಕೊಂಡು ಬಂದ.

ಕುಪ್ಪುಸ್ವಾಮಿಯವರು ಗಣಿಯ ಗೇಟಿನಲ್ಲಿ ಜಡ್ತಿ ಮಾಡುತ್ತಿದ್ದವರು. ಪಾಳಿ ಮುಗಿಸಿ ಮೇಲೆ ಬಂದ ಕೂಲಿಯವರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ, ಮೈ ತಡವಿ, ಚಿನ್ನವೇನಾದರೂ ಬಚ್ಚಿಟ್ಟಿದ್ದಾರೆಯೇ ಎಂದು ನೋಡಿ ಹೊರಗೆ ಬಿಡುವ ಕೆಲಸ. ಈಗ ಸಾಲಾಗಿ ಕಟ್ಟಿದ ಲೈನ್ ಮನೆಯ ಮುಂದೆ ಹಗ್ಗದ ಮಂಚ ಹಾಕಿಕೊಂಡು, ಹಾದು ಹೋಗುವವರನ್ನು ಬರೀ ಕಣ್ಣಲ್ಲೇ ತಡವುತ್ತ ಕೂರುತ್ತಾರೆ. ಮುನೇಶ್ ದಿನಾ ಅವರ ಮನೆಗೆ ಹಾಲು ಹಾಕುತ್ತಿದ್ದುದರಿಂದ ಸಲಿಗೆ. ಇವತ್ತು ಹಳೇ ಖಾಕಿ ಅಂಗಿ ತೊಟ್ಟು, ಹೆಗಲ ಮೇಲೆ ಟವಲು ಹಾಕಿಕೊಂಡೇ ಬಂದಿದ್ದರು.

"ಏನಪ್ಪಾ ತಂಬಿ, ಜಡ್ತಿಗೆ ಯಾಕೆ ಭಯ? ಜಡ್ತಿ ಅಂದ್ರೆ ಸ್ನಾನ ಇದ್ದ ಹಾಗೆ. ಮೊದಲು ನಾಚಿಕೆ, ಆಮೇಲೆ ಹಗುರ," ಎಂದರು. "ಎರಡು ಕೈ ಮೇಲೆ. ಬಾಯಿ ತೆಗಿ. ನಾಲಿಗೆ ಎತ್ತು. ಎಗರು. ಕುಕ್ಕರಗಾಲಲ್ಲಿ ಕೂರು. ಏಳು. ಅಂಗಾಲು ತೋರಿಸು. ಸರಿಯಾ? ಅವರು ಕೇಳೋಕೆ ಮುಂಚೆ ನೀನೇ ಮಾಡ್ಬೇಕು. ಆಗ ಇವನು ಒಳ್ಳೆ ಮನುಷ್ಯ ಅಂತ ತಿಳ್ಕೋತಾರೆ."

ನಡುಮನೆಯ ಬಾಗಿಲೇ ಮೆಷಿನ್ನಾಯಿತು. ಕೋದಂಡಪ್ಪ ಮೆಷಿನ್ನಿನ ಬಾಯಾದ. ಬಾಗಿಲ ಪಕ್ಕದಲ್ಲಿ ನಿಂತು, ಮುನೇಶ್ ದಾಟಿದಾಗಲೆಲ್ಲ "ಟೀಂಯ್!" ಎಂದು ಕೂಗುತ್ತಿದ್ದ. ಬೆಲ್ಟಿಗೆ ಟೀಂಯ್. ತಾಯಿತಕ್ಕೆ ಟೀಂಯ್. ಎಲ್ಲ ತೆಗೆದ ಮೇಲೂ ಟೀಂಯ್.

"ಇನ್ನೇನು ಮಾವ ಉಳಿದಿರೋದು?"

"ಉಡುದಾರ ಐತಲ್ಲೋ! ಬೆಳ್ಳೀದು ತಾನೇ?"

ಅದು ಮದುವೆಯಲ್ಲಿ ಕಟ್ಟಿದ್ದು. ಕಟ್ಟಿದಾಗ ಇದ್ದ ಹೊಟ್ಟೆ ಬೇರೆ, ಈಗಿನ ಹೊಟ್ಟೆ ಬೇರೆ. ಕೊಕ್ಕೆ ಬಿಚ್ಚಲು ಬರದೆ ಕೊನೆಗೆ ಇಕ್ಕಳದಲ್ಲೇ ತುಂಡು ಮಾಡಬೇಕಾಯಿತು. ಬೆಲ್ಟೂ ಇಲ್ಲದೆ ಉಡುದಾರವೂ ಇಲ್ಲದೆ ಪ್ಯಾಂಟು ಬೇಸಿಗೆಯ ಕೆರೆಯ ನೀರಿನಂತೆ ನೋಡನೋಡುತ್ತ ಕೆಳಗಿಳಿಯಿತು. ಅಶ್ವತ್ಥಮ್ಮ ಪೆಟ್ಟಿಗೆಯ ತಳದಿಂದ ಲಾಡಿ ಇರುವ ಪೈಜಾಮ ತೆಗೆದುಕೊಟ್ಟಳು. ಸತ್ತುಹೋದ ಗಂಡನದು. ಮೊಣಕಾಲಿನ ಕೆಳಕ್ಕೆ ಸ್ವಲ್ಪ ದೂರ ಮಾತ್ರ ಬರುತ್ತಿತ್ತು.

ಅಷ್ಟರಲ್ಲಿ ಮುನೇಶನ ಹೆಂಡತಿ ರೂಪ, ನಾದಿನಿಗೆ ಕಳಿಸಲು ಮಾಡಿದ ಕಜ್ಜಾಯದ ತಟ್ಟೆಯನ್ನು ಡಬ್ಬಿಗೆ ತುಂಬಲು ತಂದು ಜಗಲಿಯಲ್ಲಿ ಇಟ್ಟಳು. ಕೋದಂಡಪ್ಪ ಬಗ್ಗಿ ನೋಡಿದವನೇ ಎದೆ ಹಿಡಿದುಕೊಂಡ.

"ಇದರ ಮ್ಯಾಲೆ ಬೆಳ್ಳಗಿರೋದು ಏನವ್ವಾ?"

"ಗಸಗಸೆ ಮಾವ. ಉದುರಿಸಿವ್ನಿ, ಚೆಂದಕ್ಕೆ."

"ಚೆಂದಕ್ಕಾ! ಆ ದೇಶದಲ್ಲಿ ಗಸಗಸೆ ಕಂಡ್ರೆ ಸೀದಾ ಜೈಲು. ನಿನ್ನ ಗಂಡ ಅಲ್ಲೇ ಮುದುಕನಾಗ್ತಾನೆ."

"ಅಂಗಂತ ರಾತ್ರಿ ಮಾಡೋವಾಗ ಬಂದು ಏಳಬಾರದಾಗಿತ್ತಾ? ಬಿಸಿ ಕಜ್ಜಾಯ ತಿನ್ನೋಕೆ ಬಂದಿದ್ರಲ್ಲ!" ಎಂದು ರೂಪ ಸಿಡುಕಿದಳು. ಆದರೂ ಜೈಲಿನ ಮಾತು ಕೇಳಿದ ಮೇಲೆ ಬಿಡುವಂತಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಬಟ್ಟೆಪಿನ್ನು ಹಿಡಿದು, ಮಕ್ಕಳ ತಲೆಯಿಂದ ಹೇನು ತೆಗೆಯುವ ಹಾಗೆ, ಒಂದೊಂದೇ ಗಸಗಸೆಯನ್ನು ಕಿತ್ತರು. ಕಜ್ಜಾಯದಲ್ಲಿ ಅರ್ಧವನ್ನು ಡಬ್ಬಿಗೆ ತುಂಬಿದರು, ಉಳಿದರ್ಧ ಇನ್ನೂ ತಟ್ಟೆಯಲ್ಲಿತ್ತು. ತೂತು ಬಿದ್ದ ಕಜ್ಜಾಯ ಸಿಡುಬು ಬಂದು ವಾಸಿಯಾದ ಮುಖದಂತೆ ಕಾಣುತ್ತಿತ್ತು.

ಇನ್ನು ಉಳಿದದ್ದು ಓಲೆ. "ಗಣೀಲಿ ಜನ ಎಲ್ಲೆಲ್ಲಿ ಬಚ್ಚಿಡ್ತಿದ್ರು ತಾತ?" ಎಂದು ಮುನೇಶ್ ಕೇಳಿದ.

"ಕೂದಲಲ್ಲಿ ಇಟ್ಟ, ಹಿಡಿದೆ. ಊಟದ ಡಬ್ಬಿ ಅಡೀಲಿ ಇಟ್ಟ, ಹಿಡಿದೆ. ಗಾಯಕ್ಕೆ ಸುತ್ತಿದ ಬಟ್ಟೇಲಿ ಇಟ್ಟ, ಅದೂ ಹಿಡಿದೆ."

"ಅಂಗಾದ್ರೆ ಕೈಗೆ ಸಿಗದೆ ಆಚೆಗೋದ ಚಿನ್ನ ಎಲ್ಲಿರ್ತಿತ್ತು?"

"ಅಯ್ಯೋ, ಅದು ಗೊತ್ತಿದ್ರೆ ಅದನ್ನೂ ಹಿಡೀತಿದ್ನಲ್ಲಪ್ಪಾ!"

ಎಲ್ಲರೂ ಯೋಚನೆ ಮಾಡಿ ನೋಡಿದರು. ಮಾತು ಸರಿಯಾಗಿಯೇ ಇತ್ತು. ಕೊನೆಗೆ ತಾತನೇ ದಾರಿ ತೋರಿಸಿದರು. "ನೀನು ಬಚ್ಚಿಡು ತಂಬಿ, ನಾನು ಹುಡುಕ್ತೀನಿ. ಯಾವ ಜಾಗದಲ್ಲಿ ನನಗೆ ಸಿಗಲ್ವೋ, ಅದೇ ಜಾಗದಲ್ಲಿ ಇಟ್ಕೊಂಡು ಹೋಗು."

ಮುನೇಶ್ ಚಪ್ಪಲಿಯ ಪಟ್ಟಿಯಡಿ ಇಟ್ಟ. ತಾತ ಕೂತಲ್ಲಿಂದಲೇ ಹೇಳಿದರು. ಅಂಗಿಯ ಕಾಲರಿನೊಳಗೆ ತೂರಿಸಿದ. ತಾತ ಬೆನ್ನು ಸವರುವ ಹಾಗೆ ಮಾಡಿ ತೆಗೆದರು. ನೋವಿನ ಮುಲಾಮಿನ ಡಬ್ಬಿಯಲ್ಲಿ ಹುದುಗಿಸಿದ. "ಮುಲಾಮಿನ ವಾಸನೆ ಮೂಗಿಗೆ ಬರ್ತಿದೆ, ಮೈಗೆ ಯಾಕೆ ಹಚ್ಚಿಲ್ಲ?" ಎಂದು ಡಬ್ಬಿ ಬಿಚ್ಚಿದರು. ಸಿಕ್ಕ ಪ್ರತಿ ಸಲವೂ "ಬಿದ್ದಾ ನೋಡು!" ಎಂದು ಕೂಗಿ, ಪೊಟ್ಟಣವನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಮುನೇಶ್ ಕೇಳಿ ಕೇಳಿ ಬಿಡಿಸಿಕೊಳ್ಳಬೇಕಾಗುತ್ತಿತ್ತು. ಹಾಲಿನ ಲೋಟ ಹಿಡಿದರೂ ನಡುಗುತ್ತಿದ್ದ ಆ ಕೈ ಇವತ್ತು ನಡುಗುತ್ತಿರಲಿಲ್ಲ. ಅದನ್ನು ಕಂಡು, ಸಾಕು ಮಾಡಿ ಎನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ಕೊನೆಗೆ ಎಲ್ಲರನ್ನೂ ಆ ಕಡೆ ತಿರುಗಲು ಹೇಳಿ, ಮುನೇಶ್ ತಟ್ಟೆಯಲ್ಲಿದ್ದ ಒಂದು ಕಜ್ಜಾಯದ ಅಂಚು ಸೀಳಿ, ಪೊಟ್ಟಣ ಒಳಗಿಟ್ಟು, ಬೆರಳಿನಿಂದ ಒತ್ತಿ ಮುಚ್ಚಿದ. ತಾತ ಮೈ ತಡವಿದರು, ಚೀಲ ತಡವಿದರು. ಸಿಗಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಹಾರನ್ನು ಕೇಳಿಸಿತು. ಬಾಡಿಗೆ ಕಾರಿನ ಗೋಪಿ ಬಂದಿದ್ದ. ಬಂದವನು ಕಾರು ತಿರುಗಿಸಲು ಹೋಗಿ ಹಿಂದಿನ ಚಕ್ರವನ್ನು ನೇರವಾಗಿ ತಿಪ್ಪೆಗೆ ಇಳಿಸಿದ್ದ.

"ನೀವು ಉಡುಕ್ತಾ ಇರಿ ತಾತ, ಬಂದೆ," ಎಂದು ಮುನೇಶ್ ಪೈಜಾಮ ಎತ್ತಿಕೊಂಡು ಓಡಿದ. ಅವನ ಹಿಂದೆ ಎಲ್ಲರೂ ಓಡಿದರು. ತಳ್ಳಿ, ಬೈದು, ಮತ್ತೆ ತಳ್ಳಿ, ಕಾರು ಮೇಲೆ ಬರುವ ಹೊತ್ತಿಗೆ ಎಲ್ಲರ ಮೈಗೂ ತಿಪ್ಪೆ ಹತ್ತಿತ್ತು.

ತಿರುಗಿ ಬಂದು ನೋಡಿದರೆ ಜಗಲಿಯಲ್ಲಿ ತಾತ ಇರಲಿಲ್ಲ. ಗೂಟ ಕಿತ್ತುಕೊಂಡು ಬಂದ ಹಸು ಕೆಂಪಿ ಇತ್ತು. ತಟ್ಟೆ ಬೋರಲು ಬಿದ್ದಿತ್ತು. ಕೆಂಪಿ ಕೊನೆಯ ಕಜ್ಜಾಯವನ್ನು ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿತ್ತು.

"ವಾಲೆ!" ಎಂದು ಮುನೇಶ್ ಅಲ್ಲೇ ಕುಸಿದ. "ಕಜ್ಜಾಯದಾಗಿತ್ತು ಕಣಮ್ಮಾ ವಾಲೆ!"

"ತಾತ ಎಲ್ಲವ್ರೆ?" ಎಂದಳು ಅಶ್ವತ್ಥಮ್ಮ.

"ಬಸ್ಸು ಬಂತು ಅಂತ ಆಗಲೇ ಓದ್ರಂತೆ," ಎಂದು ರೂಪ ಎದುರು ಮನೆಯವರನ್ನು ಕೇಳಿ ಬಂದು ಹೇಳಿದಳು. ಆ ಬಸ್ಸು ತಪ್ಪಿದರೆ ಮತ್ತೆ ಸಂಜೆಗೇ.

"ಸಿಗಲಿಲ್ಲ ಅಂತ ನಾಚ್ಕಂಡು ಓಗಿರ್ತಾರೆ, ಪಾಪ," ಎಂದ ಕೋದಂಡಪ್ಪ. "ಒಳ್ಳೆ ಜಾಗ ಉಡುಕಿದೆ ಕಣ್ಲಾ ಮುನೇಶ. ಅವರ ಕೈಗೂ ಸಿಗಲಿಲ್ಲ."

ದನದ ಡಾಕ್ಟರಿಗೆ ಫೋನು ಮಾಡಿದರು. ತಿಂದದ್ದು ಹೊರಗೆ ಬರುವುದಾದರೆ ನಾಳೆ ನಾಡಿದ್ದು ಬರುತ್ತದೆ, ಸಗಣಿ ನೋಡುತ್ತಿರಿ ಎಂದರು. ನಾಳೆಗೆ ಮಗುವಿನ ಕಿವಿ ಮಸ್ಕತ್ತಿನಲ್ಲಿ, ಓಲೆ ಕೆಂಪಿಯ ಹೊಟ್ಟೆಯಲ್ಲಿ. ಆದರೂ ಆಸೆ ಯಾರನ್ನು ಬಿಡುತ್ತದೆ? ಮುನೇಶ್ ಕೆಂಪಿಯ ಹಿಂದೆ ಮಂಕರಿ ಹಿಡಿದು ಕೂತ. ಕೋದಂಡಪ್ಪ ಮುಂದಿನಿಂದ ಬೆಲ್ಲದ ನೀರು ಕುಡಿಸಿದ. ಕೆಂಪಿ ಒಂದೊಂದು ಸಲ ಹಿಂತಿರುಗಿ, ತನ್ನ ಪಾಡಿಗೆ ತಾನು ಇರಲೂ ಬಿಡರಲ್ಲ ಎನ್ನುವಂತೆ ನೋಡುತ್ತಿತ್ತು. ಒಂದು ಸಲ ಸಗಣಿ ಹಾಕಿತು. ಅದರಲ್ಲಿ ಬೆಳಗಿನ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ಗೋಪಿ ಹಾರನ್ನು ಹೊಡೆದ. "ಅಣ್ಣಾ, ಇನ್ನು ತಡ ಮಾಡಿದ್ರೆ ಇಮಾನ ಮ್ಯಾಲೆ ಓಗ್ತದೆ, ನಾವು ಕೆಳಗಿಂದ ಟಾಟಾ ಮಾಡ್ಬೇಕು."

"ನೀವು ಓಗಿ," ಎಂದು ರೂಪ ಗಂಡನ ಕೈಯಿಂದ ಮಂಕರಿ ಕಿತ್ತುಕೊಂಡಳು. "ನಾನು ಕಣ್ಣಿಗೆ ಎಣ್ಣೆ ಬಿಟ್ಕಂಡು ಕಾಯ್ತೀನಿ. ಸಿಕ್ಕಿದ ತಕ್ಷಣ ಫೋನು ಮಾಡ್ತೀನಿ."

ಕಾರು ಚಾಂಪಿಯನ್ ರೀಫ್ಸ್ ದಾಟುವಾಗ ಲೈನ್ ಮನೆಗಳ ತುದಿಯಲ್ಲಿ ಕುಪ್ಪುಸ್ವಾಮಿ ತಾತ ನಿಂತಿದ್ದರು. ಕಾರು ಕಂಡದ್ದೇ ಟವಲು ಎತ್ತಿ ಬೀಸತೊಡಗಿದರು. ಎರಡು ಹೆಜ್ಜೆ ಓಡಿಯೂ ಬಂದರು. ಇಷ್ಟು ವಯಸ್ಸಾದ ಮನುಷ್ಯ ತನಗಾಗಿ ಬಿಸಿಲಲ್ಲಿ ನಿಂತಿದ್ದಾರಲ್ಲ ಎಂದು ಮುನೇಶನ ಕಣ್ಣು ತುಂಬಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಅವರು ಮರೆಯಾಗುವವರೆಗೂ ಕೈ ಬೀಸಿದ.

ವಿಮಾನ ನಿಲ್ದಾಣದಲ್ಲಿ ಅವನಿಗೆ ಯಾವ ಭಯವೂ ಉಳಿದಿರಲಿಲ್ಲ. ಕಳೆದುಕೊಳ್ಳಲು ಏನಾದರೂ ಇದ್ದವನಿಗಲ್ಲವೇ ಭಯ? ಮೆಷಿನ್ನಿನ ಬಾಗಿಲು ದಾಟಿದ. ಅದು ಟೀಂಯ್ ಎನ್ನಲೇ ಇಲ್ಲ. ಆಚೆ ನಿಂತಿದ್ದ ಕಾವಲಿನವನು ಕೈ ಎತ್ತುವಂತೆ ಸನ್ನೆ ಮಾಡಿದ. ಬೆಳಗಿನಿಂದ ಮೈಗೆ ಹತ್ತಿದ್ದ ಪಾಠ ಆ ಒಂದು ಸನ್ನೆಗೆ ಎದ್ದು ನಿಂತಿತು. ಮುನೇಶ್ ಕೈ ಎತ್ತಿದ. ಬಾಯಿ ತೆಗೆದ. ನಾಲಿಗೆ ಎತ್ತಿದ. ಎಗರಿದ. ಕುಕ್ಕರಗಾಲಲ್ಲಿ ಕೂತ. ಎದ್ದು ಅಂಗಾಲು ತೋರಿಸಿದ. ಕಾವಲಿನವನು ಎರಡು ಹೆಜ್ಜೆ ಹಿಂದೆ ಸರಿದು ಯಾರನ್ನೋ ಕೂಗಿದ.

ಕನ್ನಡ ಬಲ್ಲ ಅಧಿಕಾರಿಯೊಬ್ಬರು ಬಂದು ಪಕ್ಕಕ್ಕೆ ಕರೆದುಕೊಂಡು ಹೋದರು.

"ಏನು ಬಚ್ಚಿಟ್ಟಿದ್ದೀರಿ?"

"ಏನೂ ಇಲ್ಲ ಸಾರ್. ಇದ್ದಿದ್ದು ಹಸು ತಿಂತು."

"ಏನು ತಿಂತು?"

"ಚಿನ್ನ ಸಾರ್."

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತರು. ಚೀಲ ಬಿಚ್ಚಿಸಿದರು. ಕಜ್ಜಾಯದ ಡಬ್ಬಿ ತೆರೆದು, ಒಂದನ್ನು ಬೆಳಕಿಗೆ ಹಿಡಿದು ನೋಡಿದರು. "ಇದಕ್ಕೆ ಯಾಕೆ ಇಷ್ಟೊಂದು ತೂತು?"

"ಗಸಗಸೆ ಕಿತ್ತಿದ್ದು ಸಾರ್. ಜೈಲಿಗೆ ಹಾಕ್ತಾರಂತೆ."

"ಅದೊಂದು ಮಾತ್ರ ಸರಿಯಾಗಿ ಹೇಳಿದ್ದಾರೆ," ಎಂದರು ಅವರು. ಮುನೇಶ್ ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದ. ಉಡುದಾರ ತುಂಡು ಮಾಡಿದ್ದು, ಕೋದಂಡಪ್ಪ ಮೆಷಿನ್ನಾದದ್ದು, ತಿಪ್ಪೆ, ಮಂಕರಿ, ಎಲ್ಲ. ಅಧಿಕಾರಿ ಮೊದಲು ತುಟಿ ಕಚ್ಚಿಕೊಂಡರು. ಆಮೇಲೆ ಟೋಪಿ ತೆಗೆದು ಅದರಿಂದ ಮುಖ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿತ್ತು.

"ಅಲ್ಲಪ್ಪ, ಮಗುವಿನ ಒಂದು ಜೊತೆ ಓಲೆ! ಜೇಬಿನಿಂದ ತೆಗೆದು ಆ ಟ್ರೇನಲ್ಲಿ ಇಟ್ಟು, ಈ ಕಡೆ ಬಂದು ಎತ್ತಿಕೊಂಡು ಹೋಗಿದ್ದರೆ ಮುಗಿದೇ ಹೋಗ್ತಿತ್ತು. ಹೋಗಿ, ಹೊತ್ತಾಗುತ್ತೆ."

ಮುನೇಶ್ ಹೋಗಿ ಕುರ್ಚಿಯಲ್ಲಿ ಕುಸಿದು, ಧೈರ್ಯ ತಂದುಕೊಂಡು ತಂಗಿಗೆ ಫೋನು ಮಾಡಿದ. "ಅರ್ಚನಾ, ಬರಿಗೈಲಿ ಬತ್ತಿವ್ನಿ ಕಣಮ್ಮ. ವಾಲೆ ಓಯ್ತು. ಬರ್ಲೋ ಬೇಡ್ವೋ ಏಳು."

ಅವಳು ಕತೆ ಕೇಳಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಣ್ಣಯ್ಯ, ಈ ಊರಲ್ಲಿ ಚಿನ್ನದ ಅಂಗಡಿಗೇನು ಬರವಾ? ಬೀದಿ ತುಂಬ ಅವೆ. ಸೋದರಮಾವನ ತೊಡೆ ಯಾವ ಅಂಗಡೀಲಿ ಸಿಗ್ತೈತೆ? ಸುಮ್ಕೆ ಬಾ. ನಿನ್ನ ಸೊಸೆ ಇಲ್ಲಿ ಆಗಲೇ ಫೋಟೋದಾಗಿರೋ ನಿನ್ನ ಮೂಗು ಹಿಡ್ಕಂಡು ಎಳೀತಾವ್ಳೆ."

ಮುನೇಶ್ ಮೂಗು ಒರೆಸಿಕೊಂಡ. ಬೆಳಗಿನಿಂದ ಮೊದಲ ಸಲ ಹೊಟ್ಟೆ ಹಸಿಯಿತು. ತೂತು ಬಿದ್ದ ಕಜ್ಜಾಯ ಒಂದನ್ನು ತಿಂದ. ಚೆನ್ನಾಗಿಯೇ ಇತ್ತು. ವಿಮಾನ ಹತ್ತಿ, ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಅಂಗೈ ಇಟ್ಟು ಅಗಲ ನೋಡಿಕೊಂಡ. ಮಗುವೊಂದು ಕೂರಲು ಧಾರಾಳವಾಗಿತ್ತು.

ಆಗ ಫೋನು ಬಂತು. ಕುಪ್ಪುಸ್ವಾಮಿ ತಾತ, ಆಗಷ್ಟೇ ಮನೆಗೆ ಬಂದ ತಮ್ಮ ಹೆಂಡತಿಯ ಫೋನಿನಿಂದ.

"ತಂಬಿ, ಗೇಟು ದಾಟಿದೆಯಾ? ಮೆಷಿನ್ ಏನು ಹೇಳಿತು?"

"ಏನೂ ಏಳಲಿಲ್ಲ ತಾತ."

"ಹೆಂಗೆ ಹೇಳುತ್ತೆ? ಮಾಲು ನನ್ನ ಟವಲಿನ ಗಂಟಲ್ಲಿ ಇದೆ!"

ಮುನೇಶ್ ಸೀಟಿನಿಂದ ಅರ್ಧ ಎದ್ದ.

"ಕಜ್ಜಾಯದಲ್ಲಿ ಇಟ್ರೆ ನನಗೆ ಗೊತ್ತಾಗಲ್ವಾ? ಒಂದರ ಅಂಚು ದಪ್ಪ ಇತ್ತು, ತೆಗೆದೆ. ಸಿಕ್ಕಿದ ಮಾಲು ಆ ಮನುಷ್ಯನ ಕೈಗೆ ವಾಪಸ್ ಕೊಡೋ ಹಾಗಿಲ್ಲಪ್ಪ, ನಮ್ಮ ಗೇಟಿನ ಕಾನೂನು ಅದು. ಗಂಟು ಕಟ್ಟಿ ಆಫೀಸಿಗೆ ಒಪ್ಪಿಸ್ಬೇಕು. ಅದೇ ಗ್ಯಾನದಲ್ಲಿ ಬಸ್ಸು ಹತ್ತಿಬಿಟ್ಟೆ. ಮನೆಗೆ ಬಂದು ಕೂತ ಮೇಲೆ ನೆನಪಾಯ್ತು, ಆಫೀಸೂ ಇಲ್ಲ, ಗಣೀನೂ ಇಲ್ಲ ಅಂತ. ರೋಡಿಗೆ ಬಂದು ಟವಲು ಬೀಸಿ ಬೀಸಿ ಕೈ ನೋವು ಬಂತು. ನೀನು ಟಾಟಾ ಮಾಡ್ಕೊಂಡು ಹೋದೆ!"

ವಿಮಾನದ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಮುನೇಶ್ ತಡಬಡಿಸಿ ಮನೆಗೆ ಫೋನು ಮಾಡಿದ. ಹಸುವನ್ನಾದರೂ ಬಿಡಿಸಬೇಕಲ್ಲ. ಅವನು ಬಾಯಿ ತೆರೆಯುವ ಮುಂಚೆಯೇ ರೂಪ ಕೂಗಿದಳು. ಅವಳ ಹಿಂದೆ ಇಡೀ ಬೀದಿಯ ಗದ್ದಲ ಕೇಳಿಸುತ್ತಿತ್ತು.

"ಇಗಾ, ಈಗ ತಾನೇ ಆಕ್ತು! ಎರಡು ಮಂಕರಿ ತುಂಬ! ಕೋದಂಡಪ್ಪ ಮಾವ ಮೊಣಕೈತಂಕ ಕೈ ಆಕವ್ರೆ. ಏನೋ ಗಟ್ಟಿಯಾಗಿ ತಗುಲ್ತಾ ಐತಂತೆ!"

"ರೂಪಾ, ಕೇಳಿಲ್ಲಿ..."

"ಫೋನು ಆಫ್ ಮಾಡಿ ಸಾರ್," ಎಂದು ಪಕ್ಕದಲ್ಲಿ ನಿಂತ ವಿಮಾನದ ಹುಡುಗಿ ಕೈ ಚಾಚಿದಳು.

"ನೀವೇನೂ ಯೋಚ್ನೆ ಮಾಡ್ಬೇಡಿ," ಎಂದು ರೂಪಳ ದನಿ ದೂರದಿಂದ ಕೂಗಿತು, "ಇವತ್ತಲ್ಲದಿದ್ರೆ ನಾಳೆ, ಸಿಕ್ಕೇ ಸಿಗ್ತದೆ!"